ಬಲಗಡೆ ಬಿದ್ದ ಹೂವು

ನೀಲಾವತಿಗೆ ಕೋಪ ಬರಲು ಕಾರಣವೇ ಬೇಕಿಲ್ಲ ಎಂದು ತುಂಬೆಪುರದವರು ಆಡಿಕೊಳ್ಳುತ್ತಿದ್ದರು. ಶುದ್ಧ ಸುಳ್ಳು. ಕಾರಣಗಳು ಬೇಕಾದಷ್ಟಿದ್ದವು, ಕೇಳುವ ಕಿವಿಗಳಿರಲಿಲ್ಲ ಅಷ್ಟೆ. ಆ ಸೋಮವಾರ ಬೆಳಿಗ್ಗೆ ಪೊರಕೆ ಹಿಡಿದು ಮಾದಪ್ಪನ ಗುಡಿಗೆ ಬಂದವಳು ತಲೆಯೆತ್ತಿ ನೋಡಿದರೆ, ಯಾರೂ ಮುಟ್ಟದಿರಲಿ ಎಂದು ಗಂಟೆಗೆ ತಾನೇ ಸುತ್ತಿ ಕಟ್ಟಿದ್ದ ಬಟ್ಟೆ ಇಲ್ಲ. ಯಾರೋ ಮಹಾನುಭಾವರು ಬಿಚ್ಚಿ ಮೂಲೆಯಲ್ಲಿ ಬಾಳೆಹಣ್ಣಿನ ಸಿಪ್ಪೆಯ ಜೊತೆ ಬಿಸಾಡಿದ್ದರು. ಅಂಗಳದಲ್ಲಿ ಸುಣ್ಣದಿಂದ ಬರೆದಿದ್ದ ವೃತ್ತಗಳ ಮೇಲೆ ಟ್ರ್ಯಾಕ್ಟರ್ ನಿಂತಿತ್ತು. ಅದರ ತುಂಬ ಸೌದೆ.

“ಇನ್ನೂ ಮಾತೇ ಆಗಿಲ್ಲ, ಆಗ್ಲೇ ಸೌದೆ ತಂದು ಸುರಿತಾವ್ರೆ,” ಎಂದು ಅವಳು ಗಟ್ಟಿಯಾಗಿಯೇ ಅಂದಳು. ಗುಡಿಯಲ್ಲಿ ದೇವರು ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಇದ್ದಿದ್ದರೂ ಅವಳೇನು ದನಿ ತಗ್ಗಿಸುತ್ತಿರಲಿಲ್ಲ.

ಸೌದೆ ಬಂದದ್ದು ಪರಕ್ಕೆ. ಮಾದಪ್ಪನ ಹೆಸರಿನಲ್ಲಿ ಊರೆಲ್ಲ ಒಟ್ಟಿಗೆ ಕೂತು ಉಣ್ಣುವ ಊಟಕ್ಕೆ ಆ ಸೀಮೆಯಲ್ಲಿ ಪರ ಎನ್ನುತ್ತಾರೆ. ತುಂಬೆಪುರದಲ್ಲಿ ಅದು ಯುಗಾದಿ ಕಳೆದ ಮೊದಲ ಸೋಮವಾರ. ಬೇಗೂರು, ಗುಂಡ್ಲುಪೇಟೆ ಕಡೆಯ ನೆಂಟರೆಲ್ಲ ಬರುತ್ತಾರೆ. ಮೊದಲು ಗುಡಿಯೊಳಗೆ ಒತ್ತಾಗಿ ನಿಂತು ತೀರ್ಥ, ಆಮೇಲೆ ಅಂಗಳದಲ್ಲಿ ಸಾಲಾಗಿ ಕೂತು ಅನ್ನ ಸಾರು. ಬಂದವರ ಅಂಗೈಗೆಲ್ಲ ತೀರ್ಥ ಹಾಕಿ, ಹಣೆಗೆ ವಿಭೂತಿ ಹಚ್ಚುವುದು ತಮ್ಮಡಿಯ ಕೆಲಸ. ಗುಡಿಯ ಪೂಜೆ ತಲೆತಲಾಂತರದಿಂದ ನಡೆಸಿಕೊಂಡು ಬಂದ ಮನೆಯವನೇ ತಮ್ಮಡಿ. ಈಗ ಆ ತಮ್ಮಡಿ ನೀಲಾವತಿಯ ಗಂಡ ಗುರುಪಾದಸ್ವಾಮಿ. ಮೈ ತುಂಬ ಸಕ್ಕರೆ ಕಾಯಿಲೆ. ಕಾಲಿಗೆ ಮುಳ್ಳು ಚುಚ್ಚಿದರೆ ಮಾಯಲು ಒಂದು ತಿಂಗಳು ಹಿಡಿಯುವ ಮೈ ಅದು.

ಹೋದ ಶ್ರಾವಣದವರೆಗೆ ತಮ್ಮಡಿಯಾಗಿದ್ದವರು ಗಂಡನ ಅಣ್ಣ ಚಿಕ್ಕಬಸವಯ್ಯ. ಕೊರೊನಾದ ಮೊದಲ ವರ್ಷ ಅದು. ಗುಡಿ ತೆಗೆಯಬಹುದು, ತೀರ್ಥ ಕೊಡಬಾರದು, ಗಂಟೆ ಮುಟ್ಟಬಾರದು, ಜನ ದೂರದೂರ ನಿಲ್ಲಬೇಕು ಎಂದು ಸರ್ಕಾರ ಹೇಳಿತ್ತು. ಗುಡಿಯ ಯಜಮಾನ ದೊಡ್ಡಮಲ್ಲಪ್ಪನವರು, “ಸರ್ಕಾರ ಊರ್ಗೆ, ಗುಡಿಗೆ ಮಾದಪ್ಪನೇ ಸರ್ಕಾರ. ಕೊಡಿ ಅಯ್ನೋರೆ ತೀರ್ಥವ,” ಎಂದಿದ್ದರು. ಭಾವ ಕೊಟ್ಟರು. ಶ್ರಾವಣದ ಕಡೇ ಸೋಮವಾರ ಕೊಟ್ಟ ತೀರ್ಥವೇ ಅವರ ಕೈಯಿಂದ ಕೊನೆಯದು. ಉಸಿರು ಕಟ್ಟಿ ಚಾಮರಾಜನಗರದ ಆಸ್ಪತ್ರೆ ಸೇರಿದವರು ಮನೆಗೆ ಬರಲಿಲ್ಲ. ಇವರ ಕುಲದಲ್ಲಿ ಸತ್ತವರನ್ನು ಕೂರಿಸಿ, ಅಂಗೈಯಲ್ಲಿ ಲಿಂಗ ಇಟ್ಟು, ಮೈತುಂಬ ವಿಭೂತಿ ಹಚ್ಚಿ, ಕ್ರಿಯಾಸಮಾಧಿ ಮಾಡುತ್ತಾರೆ. ಭಾವನನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮಲಗಿಸಿ, ಮಣ್ಣು ಮುಚ್ಚಿದರು. ಮನೆಯವರು ರಸ್ತೆಯಾಚೆ ನಿಂತು ನೋಡಿದರು. ದೊಡ್ಡಮಲ್ಲಪ್ಪನವರು ಅಷ್ಟು ದೂರವೂ ಬರಲಿಲ್ಲ. ಮಾದಪ್ಪ ಪುಣ್ಯಾತ್ಮನನ್ನು ತನ್ನ ಹತ್ತಿರ ಕರೆಸಿಕೊಂಡ ಎಂದು ಫೋನಿನಲ್ಲಿ ಹೇಳಿ ಕೈತೊಳೆದುಕೊಂಡರು.

ಆ ಮಾತು ಕೇಳಿದ ದಿನದಿಂದ ನೀಲಾವತಿಯ ಸಿಟ್ಟು ಆರಲಿಲ್ಲ.

ಅವಳು ಸುಮ್ಮನೆ ಕೂರುವ ಹೆಂಗಸಲ್ಲ. ಪೂಜೆ ಗಂಡನ ಕೈಗೆ ಬಂದದ್ದೇ, ಗುಡಿಯ ಕಟ್ಟುಪಾಡು ತನ್ನ ಕೈಗೆ ತೆಗೆದುಕೊಂಡಳು. ಗಂಟೆಗೆ ಬಟ್ಟೆ ಸುತ್ತಿದಳು. ಅಂಗಳದಲ್ಲಿ ಸುಣ್ಣದ ವೃತ್ತ ಬರೆದಳು. ಅಂಗಳದ ಹೊರಬಾಗಿಲ ಬಳಿ ಕೊಳಾಯಿ ಹಾಕಿಸಿ ಸೋಪು ಇಟ್ಟಳು. ತೀರ್ಥ ನಿಂತಿತು. ವಿಭೂತಿಯನ್ನು ಚಿಟಿಕೆ ಚಿಟಿಕೆ ಕಾಗದದಲ್ಲಿ ಕಟ್ಟಿ ತಟ್ಟೆಯಲ್ಲಿಟ್ಟಳು, ಬೇಕಾದವರು ಎತ್ತಿಕೊಳ್ಳಲಿ ಎಂದು. ಊರಿನ ಆಶಾ ಕಾರ್ಯಕರ್ತೆ ಭಾನು ಅಂಗಳದಿಂದಲೇ ಗುಡಿಯನ್ನು ನೋಡಿ, “ಗರ್ಭಗುಡಿಗೆ ಒಂದ್ ಕಿಟಕೀನೂ ಇಲ್ವಲ್ಲ ಅವ್ವಾರೆ, ಗಾಳಿ ಆಡ್ಬೇಕು,” ಎಂದಳು. ನೀಲಾವತಿ ದೊಡ್ಡಮಲ್ಲಪ್ಪನವರ ಬೆನ್ನು ಬಿದ್ದು ಫ್ಯಾನು ಕೇಳಿದಳು. ಫ್ಯಾನು ಬಂತು. ಅದರ ಮೇಲೆ ಗಾಳಿಗಿಂತ ಹೆಸರೇ ಹೆಚ್ಚಿತ್ತು: ‘ತೋಟದಮನೆ ದೊಡ್ಡಮಲ್ಲಪ್ಪನವರ ಸೇವಾರ್ಥ’ ಎಂದು ಕೆಂಪು ಬಣ್ಣದಲ್ಲಿ ಬರೆಸಿದ್ದರು. ಅದನ್ನು ಗರ್ಭಗುಡಿಯಲ್ಲಿ ದೇವರ ಎಡಗಡೆಗೆ, ಗೋಡೆಗೆ ಒತ್ತಿ ಇಟ್ಟರು. ಅವತ್ತಿನಿಂದ ಬಾಗಿಲು ತೆಗೆದರೆ ಫ್ಯಾನು ಹಾಕುವುದು, ಬಾಗಿಲು ಹಾಕಿದರೆ ಫ್ಯಾನು ಆರಿಸುವುದು.

ಚಳಿಗಾಲ ಹಾಗೆ ಕಳೆಯಿತು. ಗುಡಿಯಿಂದ ಯಾರಿಗೂ ಒಂದು ಸೀನು ಕೂಡ ಅಂಟಲಿಲ್ಲ. ಎಲ್ಲ ಸುರಳೀತ ನಡೆದದ್ದೇ ಜನಕ್ಕೆ ಮೈಮರೆವಾಯಿತು. ರೋಗ ಹೋಯಿತು ಎಂದರು. ಈಗ ಬೆಂಗಳೂರಿನಿಂದ ಬಂದವರ ಮನೆಗಳಲ್ಲಿ ಮತ್ತೆ ಕೆಮ್ಮು ಶುರುವಾಗಿ, ಭಾನು ದಿನಾ ಮನೆಮನೆ ಸುತ್ತುತ್ತಿರುವಾಗ, ಇವರು ಸೌದೆ ತಂದಿದ್ದರು.

ಅವತ್ತೇ ಸಂಜೆ ಗುಡಿಯಲ್ಲಿ ಊರವರು ಸೇರಿದರು. ದೊಡ್ಡಮಲ್ಲಪ್ಪನವರು ಎಲ್ಲರಿಂದ ದೂರ, ಬಾಗಿಲ ಗಾಳಿಗೆ ಮುಖ ಮಾಡಿ, ಒಂದರ ಮೇಲೊಂದು ಎರಡು ಮಾಸ್ಕು ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದರು. ಗುಂಡ್ಲುಪೇಟೆಯ ಮಂಡಿಯಿಂದ ಕೇರಳಕ್ಕೆ ಬಾಳೆಗೊನೆ ಕಳಿಸುವ ದೊಡ್ಡ ಕುಳ. ಹೆಂಡತಿ, ಸೊಸೆ, ಮೊಮ್ಮಕ್ಕಳನ್ನು ಮೈಸೂರಿನ ಮನೆಯಲ್ಲಿ ಭದ್ರವಾಗಿ ಇಟ್ಟಿದ್ದರು. ತಾವು ಅಲ್ಲಿಯೇ ಸದ್ದಿಲ್ಲದೆ ಲಸಿಕೆ ಹಾಕಿಸಿಕೊಂಡು ಬಂದು, ಊರಲ್ಲಿ ಮಾತ್ರ ‘ಸೂಜಿ ಚುಚ್ಚುಸ್ಕಂಡ್ರೆ ಜ್ವರ ಬತ್ತದಂತೆ’ ಎಂದು ರಾಗ ಎಳೆಯುತ್ತಿದ್ದರು. ಆ ರಾಗ ಕೇಳಿಯೇ ಗುರುಪಾದಸ್ವಾಮಿ ಲಸಿಕೆಯನ್ನು ಮುಂದಕ್ಕೆ ಹಾಕಿಕೊಂಡು ಕೂತಿದ್ದ.

“ಪರ ನಿಂತ್ರೆ ಊರ್ಗೆ ಒಳ್ಳೇದಲ್ಲ,” ಎಂದರು ದೊಡ್ಡಮಲ್ಲಪ್ಪ. “ಹೋದ್ ವರ್ಷ ಲಾಕ್‌ಡೌನು ಅಂತ ನಿಲ್ಲಿಸ್ದೊ. ಈ ಸತಿ ಯಾವತ್ತಿನಂಗೇ ಮಾಡ್ಬುಡನ.”

ನೀಲಾವತಿ ಎದ್ದು ನಿಂತಳು. “ಪರ ನಿಲ್ಲಿಸಿ ಅಂತ ನಾನೂ ಹೇಳಾಕಿಲ್ಲ ಯಜಮಾನ್ರೆ. ದೇವ್ರಿಗೆ ಎಡೆ ಆಗ್ಲಿ. ಊಟ ಬ್ಯಾಡ. ಗುಡಿ ಬಾಗ್ಲಿಗೆ ಹಗ್ಗ ಕಟ್ಟನ, ಒಳಕ್ಕೆ ಯಾರೂ ಬರಾದು ಬ್ಯಾಡ. ಎಲ್ರೂ ಅಂಗಳದಲ್ಲಿ, ನಂದಿಕಂಬದತ್ರ ದೂರದೂರ ನಿಂತ್ಕಂಡು ಅಲ್ಲಿಂದ್ಲೇ ಕೈ ಮುಗಿದು ಓಗ್ಲಿ.”

ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ತುಂಬೆಪುರದ ನಂದಿಕಂಬ ಬರೀ ಕಂಬವಲ್ಲ. ಅಂಗಳದ ನಡುವೆ, ತಲೆಯ ಮೇಲೆ ಸಣ್ಣ ಕಲ್ಲಿನ ನಂದಿಯನ್ನು ಹೊತ್ತು ನಿಂತ ಆ ಕಂಬದವರೆಗೆ ಮಾತ್ರ ಊರಾಚೆಯ ಕೇರಿಯವರು ಬರುತ್ತಿದ್ದರು. ಅಲ್ಲಿಂದ ಈಚೆಗೆ ಕಾಲಿಡುವಂತಿರಲಿಲ್ಲ. ಕೆಲವು ವರ್ಷಗಳ ಹಿಂದೆ ಅಧಿಕಾರಿಗಳು ಬಂದು ಶಾಂತಿಸಭೆ ಮಾಡಿದರು, ಕೇರಿಯವರನ್ನು ಒಳಗೆ ಕರೆದುಕೊಂಡು ಹೋಗಿ ಫೋಟೊ ತೆಗೆಸಿಕೊಂಡರು, ಟೀ ಕುಡಿದು ಜೀಪು ಹತ್ತಿದರು. ಅದಾದ ಮೇಲೂ ಕೇರಿಯವರು ಕಂಬದ ಬಳಿಯೇ ನಿಲ್ಲುತ್ತಿದ್ದರು. ಬರಬೇಡಿ ಎಂದು ಯಾರೂ ಹೇಳಲಿಲ್ಲ. ಬನ್ನಿ ಎಂದೂ ಯಾರೂ ಹೇಳಲಿಲ್ಲ.

“ಆ ಕಂಬದತ್ರ ನಿಂತ್ಕಳ್ಳಕೆ ನಾವೇನು...” ಎಂದು ಹಿಂದಿನಿಂದ ಒಬ್ಬ ಶುರು ಮಾಡಿದವನು ಅರ್ಧಕ್ಕೇ ನುಂಗಿಕೊಂಡ. ಕೇರಿಯವಳೇ ಆದ ಭಾನು ಹೊರಗೆ ಅದೇ ಕಂಬಕ್ಕೆ ಒರಗಿ, ಜ್ವರ ನೋಡುವ ಮಿಷನ್ನು ಹಿಡಿದು ನಿಂತಿದ್ದಳು. ನುಂಗಿದ ಮಾತು ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸಿತು. ಭಾನು ಕತ್ತು ಬಗ್ಗಿಸಿ ಮಿಷನ್ನಿನ ಬಟನ್ನು ಒತ್ತತೊಡಗಿದಳು.

ನೀಲಾವತಿಗೆ ಆಗ ಗೊತ್ತಾಯಿತು. ಇವರಿಗೆ ರೋಗದ ಭಯವಿಲ್ಲ ಎಂದಲ್ಲ. ರೋಗಕ್ಕಿಂತ ದೊಡ್ಡ ಭಯ ಇನ್ನೊಂದಿದೆ. ಕಂಬದ ಹತ್ತಿರ ನಿಂತರೆ ತಾವೂ ಕಂಬದ ಹತ್ತಿರದವರಾಗಿಬಿಡುತ್ತೇವೆ ಎಂಬ ಭಯ. ಅದಕ್ಕೋಸ್ಕರ ತನ್ನ ಗಂಡ ಕಿಟಕಿಯಿಲ್ಲದ ಗೂಡಿನಲ್ಲಿ ನಿಂತು ನೂರಾರು ಬಾಯಿಗಳ ಉಸಿರು ಕುಡಿಯಬೇಕು! ಥೂ, ಇವರ ಜನ್ಮಕ್ಕಿಷ್ಟು ಎಂದುಕೊಂಡಳು. ಬಾಯಿಬಿಟ್ಟು ಇನ್ನೂ ಏನೋ ಅನ್ನುವವಳಿದ್ದಳು. ಅಷ್ಟರಲ್ಲಿ ದೊಡ್ಡಮಲ್ಲಪ್ಪ ಕೈ ಎತ್ತಿದರು.

“ನಮ್ ನಮ್ಮಲ್ಲಿ ಜಗಳ ಯಾಕೆ? ಹೂ ಕೇಳ್ಬುಡನ.”

ಎಲ್ಲರೂ ಹಗುರವಾಗಿ ಉಸಿರುಬಿಟ್ಟರು. ಹೂ ಕೇಳುವುದೆಂದರೆ ಅಲ್ಲಿಗೆ ಮುಗಿಯಿತು. ಮದುವೆಯಿರಲಿ, ಕೊಳವೆಬಾವಿಯಿರಲಿ, ಮಾದಪ್ಪನ ಅಪ್ಪಣೆ ಕೇಳದೆ ತುಂಬೆಪುರದಲ್ಲಿ ಏನೂ ನಡೆಯದು. ಕೇಳುವವರು ಎಲೆಯಡಿಕೆ ಇಟ್ಟು ಪ್ರಶ್ನೆ ಹೇಳಬೇಕು. ತಮ್ಮಡಿ ನೀರಲ್ಲಿ ಅದ್ದಿದ ಬಿಳಿ ಕಣಗಿಲೆ ಹೂವನ್ನು ಲಿಂಗದ ನೆತ್ತಿಯ ಮೇಲಿಡಬೇಕು. ದೇವರ ಬಲಗಡೆ ಬಿದ್ದರೆ ಆಗಲಿ ಎಂದು, ಎಡಗಡೆ ಬಿದ್ದರೆ ಬೇಡ ಎಂದು. ಬಿದ್ದ ಮೇಲೆ ಯಾರೂ ತುಟಿ ಬಿಚ್ಚುವಂತಿಲ್ಲ.

“ಮಾದಪ್ಪ, ಪರ ಯಾವತ್ತಿನಂಗೇ ನಡೀಬೇಕು, ಒಳಗೇ ತೀರ್ಥ ಕೊಡ್ಬೇಕು ಅನ್ನಾದು ನಿನ್ನ ಚಿತ್ತ ಆದ್ರೆ ಬಲಗಡೆ ಹೂ ಕೊಡಪ್ಪಾ,” ಎಂದರು ದೊಡ್ಡಮಲ್ಲಪ್ಪ.

ಗುರುಪಾದಸ್ವಾಮಿ ಹೂವಿಟ್ಟ. ಅವನ ಬೆರಳು ತೊಟ್ಟಿನ ಮೇಲೆ ಎಂದಿಗಿಂತ ಹೆಚ್ಚು ಹೊತ್ತು ನಿಂತದ್ದನ್ನು ನೀಲಾವತಿ ನೋಡಿದಳು. ಫ್ಯಾನಿನ ಗರಗರ ಬಿಟ್ಟರೆ ಬೇರೆ ಸದ್ದಿಲ್ಲ. ಹೂವು ಒಂದು ಗಳಿಗೆ ಅಲುಗಾಡಿತು, ನೀರಿನ ಪಸೆ ಆರಿತು, ಬಲಕ್ಕೆ ಜಾರಿ ಬಿತ್ತು.

“ಉಘೇ ಮಾದಪ್ಪ!” ಎಂದಿತು ಗುಡಿ. ಸೌದೆ ಇಳಿಸಲು ಜನ ಎದ್ದರು.

ಮನೆಗೆ ಬಂದದ್ದೇ ನೀಲಾವತಿ ಗಂಡನ ಮೇಲೆ ಹರಿಹಾಯ್ದಳು. ತಮ್ಮಡಿಯ ಮನೆಗೆ ಸೊಸೆಯಾಗಿ ಬಂದವಳಿಗೆ ಹೂವಿನ ಗುಟ್ಟು ತಿಳಿಯದ್ದೇನಲ್ಲ. ತೊಟ್ಟು ಯಾವ ಕಡೆಗೆ ವಾಲಿಸಿ ಇಟ್ಟರೆ ಹೂವು ಯಾವ ಕಡೆ ಜಾರುತ್ತದೆ ಎಂದು ಮಾವನವರ ಕಾಲದಿಂದ ಕಂಡಿದ್ದಳು.

“ಆ ಯಜಮಾನನಿಗೆ ಹೆದರ್ಕೊಂಡು ಬಲಗಡೆಗೆ ವಾಲಿಸ್ಬುಟ್ರಲ್ಲ! ನಿಮ್ಮಣ್ಣನ್ನ ಪ್ಲಾಸ್ಟಿಕ್ಕಲ್ಲಿ ಸುತ್ತಿ ಮಣ್ಗಾಕಿದ್ದು ಮರ್ತೋಯ್ತಾ? ನಾನು ಈ ವಯಸ್ನಲ್ಲಿ ರಸ್ತೇಲಿ ನಿಂತ್ಕಂಡು ನಿಮ್ಮನ್ನೂ ಅಂಗೇ ನೋಡ್ಬೇಕಾ? ಬಾಯ್ಬುಡಿ!”

ಗುರುಪಾದಸ್ವಾಮಿ ಗೋಡೆಗೆ ಒರಗಿ ಕೂತ. ಆಮೇಲೆ ಕಣ್ಣಲ್ಲಿ ನೀರು ತಂದುಕೊಂಡು ಅಂದ: “ಎಡಗಡೆಗೇ ವಾಲಿಸಿಟ್ಟಿದ್ದೆ ಕಣಮ್ಮಿ.”

“ಏನಂದ್ರಿ?”

“ಎಡಗಡೆಗೇ. ನನ್ನ ಜನ್ಮದಲ್ಲಿ ಇದೇ ಮೊದ್ಲು ದೇವ್ರ ಮುಂದೆ ಮೋಸ ಮಾಡಿದ್ದು. ಜೀವದ ಆಸೆ, ಮಾಡ್ಬುಟ್ಟೆ. ಆದ್ರೂ ಬಲಕ್ಕೇ ಬಿತ್ತು. ಮಾದಪ್ಪ ನನ್ನ ಮೋಸವ ಕಂಡ್ಬುಟ್ಟ. ಇನ್ನು ತೀರ್ಥ ಕೊಟ್ಟೇ ಸಾಯ್ಬೇಕು ನಾನು.”

ಇಷ್ಟು ಹೊತ್ತು ಗಂಡನ ಮೇಲೆ ಸುರಿದ ಸಿಟ್ಟನ್ನು ನೀಲಾವತಿ ಹಿಂದಕ್ಕೆ ತೆಗೆದುಕೊಂಡಳು. ಈಗ ಯಾರ ಮೇಲೆ ಸಿಟ್ಟು ಮಾಡಬೇಕು? ಮಾದಪ್ಪನ ಮೇಲೆ ಮಾಡಿದಳು. ನಿನಗೆ ಒಬ್ಬ ತಮ್ಮಡಿ ಸಾಲಲಿಲ್ಲವೇನೋ ಎಂದು ಮನಸ್ಸಿನಲ್ಲೇ ಏಕವಚನದಲ್ಲಿ ಬೈದಳು. ಅವತ್ತು ಒಲೆ ಹಚ್ಚಲಿಲ್ಲ.

ಮರುದಿನ ಗುಡಿ ಗುಡಿಸಲು ಹೋದಾಗಲೂ ಆ ಬೈಗುಳ ಮುಗಿದಿರಲಿಲ್ಲ. ಗಂಡ ಅಭಿಷೇಕ ಮುಗಿಸಿ ಬಾವಿಯ ಕಡೆಗೆ ಹೋಗಿದ್ದ. ಹೊಸ್ತಿಲಾಚೆ ನಿಂತು ದೇವರನ್ನೇ ದುರುಗುಟ್ಟಿ ನೋಡುತ್ತಿದ್ದವಳಿಗೆ ಒಂದು ವಿಷಯ ಕಣ್ಣಿಗೆ ಬಿತ್ತು. ದೀಪದ ಕುಡಿ ನೆಟ್ಟಗಿರಲಿಲ್ಲ. ಬಲಕ್ಕೆ ಬಗ್ಗಿ ಉರಿಯುತ್ತಿತ್ತು. ದೇವರ ಬಲಗಡೆಯ ಗೋಡೆ ಕರ್ಪೂರದ ಮಸಿಯಿಂದ ಕಪ್ಪಾಗಿತ್ತು, ಎಡಗಡೆಯ ಗೋಡೆಯಲ್ಲಿ ಸುಣ್ಣ ಬೆಳ್ಳಗೇ ಇತ್ತು. ಲಿಂಗದ ಮೇಲಿಂದ ಉದುರಿದ ಬಿಲ್ವಪತ್ರೆಯೆಲ್ಲ ಬಲಮೂಲೆಯಲ್ಲಿ ಗುಡ್ಡೆಯಾಗಿತ್ತು. ದಿನಾ ಗಂಡ ಆ ಮೂಲೆಯಿಂದಲೇ ಬಾಚಿ ತಂದು ಕೊಡುತ್ತಿದ್ದ, ಅವಳು ಬುಟ್ಟಿಗೆ ತುಂಬುತ್ತಿದ್ದಳು. ಒಂದು ದಿನವೂ ಯಾಕೆ ಎಂದು ಕೇಳಿಕೊಂಡಿರಲಿಲ್ಲ.

ಅವಳು ಎಡಗಡೆಗೆ ನೋಡಿದಳು. ತೋಟದಮನೆ ದೊಡ್ಡಮಲ್ಲಪ್ಪನವರ ಸೇವಾರ್ಥ ಗರಗರ ತಿರುಗುತ್ತಿತ್ತು.

ಫ್ಯಾನು ಬಂದಾಗಿನಿಂದ ಕೇಳಿದ ಅಪ್ಪಣೆಗಳನ್ನೆಲ್ಲ ಅವಳು ನೆನಪು ಮಾಡಿಕೊಂಡಳು. ಯಜಮಾನರ ಹೊಸ ಕೊಳವೆಬಾವಿ, ಬಲಗಡೆ. ನೀರು ಮಾತ್ರ ಬರಲಿಲ್ಲ. ಉಮ್ಮತ್ತೂರಿನಿಂದ ಬಂದ ಸಂಬಂಧ, ಬಲಗಡೆ. ಕುದೇರಿನಿಂದ ಬಂದ ಸಂಬಂಧ, ಅದೇ ಹುಡುಗಿಗೆ, ಅದೂ ಬಲಗಡೆ. ಮಾದಪ್ಪ ಈಚೀಚೆಗೆ ಊರಿಗೆ ಒಲಿದಿದ್ದಾನೆ, ಏನು ಕೇಳಿದರೂ ಬೇಡ ಅನ್ನುವುದಿಲ್ಲ ಎಂದು ಜನ ಹಿಗ್ಗಿದ್ದೇ ಹಿಗ್ಗಿದ್ದು. ನೀಲಾವತಿಗೆ ನಗು ಬರಬೇಕಿತ್ತು. ಬರಲಿಲ್ಲ. ಗಂಡನ ಜೀವ ಉಳಿಯಲಿ ಎಂದು ಹಟ ಹಿಡಿದು ತಾನೇ ಹಾಕಿಸಿದ ಫ್ಯಾನು, ಗಂಡನ ಜೀವಕ್ಕೇ ಅಪ್ಪಣೆ ಕೊಟ್ಟಿತ್ತು.

ಹೊರಗೆ ಬಂದಳು. ಕೊಳಾಯಿಯ ಹತ್ತಿರ ಭಾನು ಸೋಪಿನ ಹೊಸ ಬಿಲ್ಲೆ ಇಡುತ್ತಿದ್ದಳು. ನೀಲಾವತಿ ತಡೆಯಲಾರದೆ ಅವಳಿಗೆ ಎಲ್ಲವನ್ನೂ ಹೇಳಿಬಿಟ್ಟಳು.

“ಊರ್ಗೆಲ್ಲ ಹೇಳ್ಬುಡಿ ಅವ್ವಾರೆ,” ಎಂದಳು ಭಾನು.

“ಯಾರು ನಂಬ್ತಾರೆ? ಮಾದಪ್ಪನ ಹೂವ ಫ್ಯಾನು ಬೀಳಿಸ್ತದೆ ಅಂದ್ರೆ ನನ್ನ ಊರು ಬುಟ್ಟೇ ಓಡಿಸ್ತಾರೆ. ಇವ್ರೇ ನಂಬಲ್ಲ. ಫ್ಯಾನು ಆರ್ಸಿ ಇನ್ನೊಂದ್ಸತಿ ಕೇಳನ ಅಂದ್ರೆ, ಒಂದೇ ಮಾತ ಎಲ್ಡು ಸತಿ ಕೇಳಂಗಿಲ್ಲ ಅಂತಾರೆ.” ನೀಲಾವತಿ ಸೆರಗಿನಿಂದ ಮುಖ ಒರೆಸಿಕೊಂಡಳು. “ಒಂದ್ ದಿನ, ಒಂದೇ ಒಂದ್ ದಿನ ದೂರ ನಿಂತ್ಕಳಿ ಅಂದ್ರೆ ಇವ್ರ ಗಂಟೇನು ಓಯ್ತದೆ ಭಾನು?”

ಭಾನು ಅವಳ ಮುಖವನ್ನು ನೇರವಾಗಿ ನೋಡಿದಳು. “ನಮ್ಮತ್ತೆ ರಾಚಮ್ಮ ಮದ್ವೆಯಾಗಿ ಬಂದಾಗ್ಲಿಂದ ಆ ಕಂಬದತ್ರಾನೇ ನಿಂತವ್ರೆ. ಅವ್ರನ್ನ ಯಾರೂ ಹಿಂಗೆ ಕೇಳಿರ್ನಿಲ್ಲ. ನಿಮ್ ಮನೆಯೋರೂ ಮೇಲಿಂದ್ಲೇ ತೀರ್ಥ ಉಯ್ದವ್ರೆ, ಕೈಗೆ ಕೈ ತಾಗ್ದಂಗೆ. ನಮ್ ಕೇರೀಗೆ ಈ ರೂಲ್ಸು ಹೊಸ್ದಲ್ಲ ಬುಡಿ ಅವ್ವಾರೆ.”

ನೀಲಾವತಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ರಾಚಮ್ಮನ ಬೊಗಸೆಗೆ ಮೇಲಿಂದ ವಿಭೂತಿ ಉದುರಿಸಿದ ಕೈಗಳಲ್ಲಿ ತನ್ನ ಕೈಯೂ ಇತ್ತು. ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಆ ಸಿಟ್ಟು ಹೊಸದು, ಅದನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ. ಭಾನು ಸೋಪಿನ ಕಾಗದ ಮಡಿಸಿಕೊಂಡು ಹೋದಳು.

ಯುಗಾದಿಯ ದಿನ ಪಂಚಾಂಗ ಕೇಳಲು ಊರೆಲ್ಲ ಗುಡಿಗೆ ಬಂತು. ಮಳೆ ಬೆಳೆ, ಆದಾಯ ವ್ಯಯ ಎಲ್ಲ ಮುಗಿದು, ಬೇವು ಬೆಲ್ಲ ಹಂಚುವ ಹೊತ್ತಿಗೆ ನೀಲಾವತಿ ಜನರ ನಡುವಿನಿಂದ ಬಂದು ಹೊಸ್ತಿಲ ಮೇಲೆ ಎಲೆಯಡಿಕೆ ಇಟ್ಟಳು. ಹೊಸ ಸೀರೆ ಉಟ್ಟಿದ್ದಳು. ಕಣ್ಣು ಕೆಂಡದಂತಿತ್ತು.

“ನಂದೊಂದು ಅಪ್ಪಣೆ ಕೇಳಾದದೆ.”

“ಹೋದ್ ವಾರವೇ ಕೇಳಾಯ್ತಲ್ಲ ತಾಯಿ,” ಎಂದರು ದೊಡ್ಡಮಲ್ಲಪ್ಪ ಕುರ್ಚಿಯಿಂದ. “ಕೊಟ್ಟ ಹೂವ ಮತ್ತೆ ಕೇಳಂಗಿಲ್ಲ.”

“ಅದನ್ನ ಕೇಳಾಕಿಲ್ಲ. ಒಳಗೆ ತೀರ್ಥ ಕೊಡ್ಬೇಕು ಅಂತ ಮಾದಪ್ಪ ಹೇಳಾಯ್ತು. ಯಾರ ಕೈಲಿ ಅಂತ ಹೇಳಿಲ್ವಲ್ಲ? ಅದ ಕೇಳ್ತೀನಿ.”

ಜನಕ್ಕೆ ಕುತೂಹಲ. ಎಲೆಯಡಿಕೆ ಇಟ್ಟವರಿಗೆ ಇಲ್ಲ ಅನ್ನುವ ಪದ್ಧತಿ ಆ ಗುಡಿಯಲ್ಲಿ ಇರಲಿಲ್ಲ. “ಕೇಳ್ಲಿ ಬುಡಿ, ಅದ್ರಲ್ಲೇನದ,” ಎಂದರು. ಗುರುಪಾದಸ್ವಾಮಿ ಹೆಂಡತಿಯ ಮುಖ ನೋಡಿದ. ಅವನಿಗೆ ಅವಳು ಏನನ್ನೂ ಹೇಳಿರಲಿಲ್ಲ. ಅವನು ತುಟಿ ಅಲುಗಿಸುತ್ತ ಕಣಗಿಲೆಯನ್ನು ನೀರಿಗದ್ದಿ, ಈ ಸಲ ಯಾವ ಕಡೆಗೂ ವಾಲಿಸದೆ, ಲಿಂಗದ ನೆತ್ತಿಯ ಮೇಲೆ ನೆಟ್ಟಗೆ ಇಟ್ಟ.

ನೀಲಾವತಿ ಕೈ ಮುಗಿದಳು. ದನಿ ಗುಡಿಯ ಆಚೆಗೂ ಕೇಳುವಂತಿತ್ತು. “ಮಾದಪ್ಪ, ಪರದ ದಿವ್ಸ ಈ ಗರ್ಭಗುಡಿ ಬಾಗ್ಲಲ್ಲಿ ನಿಂತ್ಕಂಡು, ಮಾಸ್ಕು ತೆಗ್ದು, ಬರಿಗೈಲಿ, ಬಂದೋರ್ಗೆಲ್ಲ ತೀರ್ಥ ಕೊಡೋರು ನಮ್ ಯಜಮಾನ್ರು ದೊಡ್ಡಮಲ್ಲಪ್ಪನೋರೇ ಆಗ್ಬೇಕು. ಅವ್ರ ಹೆಂಡ್ತಿ ಮಕ್ಳು ಮೊಮ್ಮಕ್ಳು ಮೈಸೂರಿಂದ ಬಂದು ಪಕ್ಕದಲ್ಲೇ ನಿಂತ್ಕಬೇಕು. ಇದು ನಿನ್ನ ಚಿತ್ತ ಆದ್ರೆ, ಬಲಗಡೆ ಹೂ ಕೊಡಪ್ಪಾ.”

ಕುರ್ಚಿ ಕಿರುಗುಟ್ಟಿತು. “ಏನಮ್ಮಾ ಇದು...” ಎಂದು ದೊಡ್ಡಮಲ್ಲಪ್ಪ ಅರ್ಧ ಎದ್ದರು. ಅಷ್ಟರಲ್ಲಿ ಅವರ ಫ್ಯಾನು ಅವರ ಸೇವೆಯನ್ನು ಮಾಡಿ ಮುಗಿಸಿತ್ತು. ಹೂವು ಬಲಕ್ಕೆ ಬಿದ್ದಿತ್ತು.

“ಉಘೇ ಮಾದಪ್ಪ!” ಎಂದು ಅಭ್ಯಾಸಬಲದಿಂದ ಕೂಗಿದ ಜನ, ಕೂಗಿದ ಮೇಲೆ ಯಜಮಾನರ ಕಡೆಗೆ ತಿರುಗಿದರು.

ದೊಡ್ಡಮಲ್ಲಪ್ಪನವರು ಮಾಸ್ಕನ್ನು ಇನ್ನಷ್ಟು ಮೇಲಕ್ಕೆ ಎಳೆದುಕೊಂಡರು. ಪೂಜೆಯ ಹಕ್ಕು ತಮ್ಮಡಿಯದು, ತಾವು ಹೇಗೆ ಕೊಡುವುದು ಎಂದರು. ಹೂವೇ ಆದ ಮೇಲೆ ಇನ್ನೇನು ಎಂದು ಒಬ್ಬ ಮುದುಕ ಅಂದ. ಬಿಪಿ ಇದೆ ಎಂದರು. ಮೈಸೂರಿನ ಡಾಕ್ಟರು ಜನರ ಹತ್ತಿರ ಹೋಗಲೇಬಾರದು ಎಂದಿದ್ದಾರೆ ಎಂದರು. ಮೊಮ್ಮಗುವಿಗೆ ನೆಗಡಿಯ ಮೈ ಎಂದರು.

“ನಿಮ್ದು ಬಿಪಿ, ಇವ್ರದ್ದು ಸಕ್ಕರೆ,” ಎಂದಳು ನೀಲಾವತಿ. “ನಿಮ್ ಜೀವ ಜೀವ, ನಮ್ಮನೇದು ಏನು ಯಜಮಾನ್ರೆ? ನಮ್ ಭಾವನ್ನ ಮಾದಪ್ಪ ಹತ್ರ ಕರುಸ್ಕಂಡ ಅಂದ್ರಲ್ಲ ಫೋನಲ್ಲಿ. ಅಷ್ಟು ಒಳ್ಳೇ ಜಾಗ ಆದ್ರೆ ನೀವೂ ಒಂದ್ಸತಿ ಹೋಗಿ ಬನ್ನಿ. ಹೆದರ್ಕೋಬೇಡಿ, ಹೂ ಬಲಗಡೆಗೇ ಆಗದೆ!”

ಗುರುಪಾದಸ್ವಾಮಿ, “ನೀಲಾ, ಸಾಕು,” ಎಂದ. ಅವಳಿಗೆ ಸಾಕಾಗಿರಲಿಲ್ಲ.

ದೊಡ್ಡಮಲ್ಲಪ್ಪನವರು ಕುರ್ಚಿಗೆ ಕುಸಿದು, ಯಾರ ಮುಖವನ್ನೂ ನೋಡದೆ ಅಂದರು: “ಈ ವರ್ಷ ತೀರ್ಥ ಬ್ಯಾಡ. ಕಾಲ ಸರಿಯಿಲ್ಲ. ಸರ್ಕಾರದ ರೂಲ್ಸೂ ಅದೆ. ಅಯ್ನೋರ ಮನೆಯಮ್ಮ ಮೊದ್ಲು ಹೇಳ್ದಂಗೇ ಆಗ್ಲಿ. ನಾನು ಮಾದಪ್ಪಂಗೆ ತಪ್ಪುಗಾಣಿಕೆ ಕಟ್ಕತೀನಿ.” ಯಾರೂ ಎದುರಾಡಲಿಲ್ಲ. ಯಜಮಾನರ ಜೀವಕ್ಕೆ ಬಂದದ್ದರಿಂದ ರೂಲ್ಸಿಗೆ ಒಮ್ಮೆಲೇ ಬೆಲೆ ಬಂದುಬಿಟ್ಟಿತ್ತು. ಸಂಜೆಯೊಳಗೆ ಸೌದೆ ಮತ್ತೆ ಟ್ರ್ಯಾಕ್ಟರು ಹತ್ತಿ ವಾಪಸು ಹೋಯಿತು.

“ಮಾದಪ್ಪ ನಿನ್ನ ಮಾತ ಕೇಳ್ಬುಟ್ಟ ನೋಡು,” ಎಂದ ಗುರುಪಾದಸ್ವಾಮಿ ಊಟಕ್ಕೆ ಕೂತಾಗ. “ನನ್ನ ಮೋಸವ ಕ್ಷಮಿಸ್ಬುಟ್ಟ.” ಎಷ್ಟೋ ದಿನಗಳ ಮೇಲೆ ಅವನ ಮುಖ ಅರಳಿತ್ತು. ನೀಲಾವತಿ ಅವನ ತಟ್ಟೆಗೆ ಮುದ್ದೆ ಹಾಕಿ, “ನಾಳೆ ಭಾನು ಜೊತೆ ಓಗಿ ಲಸಿಕೆ ಹಾಕುಸ್ಕಳಿ,” ಎಂದಳು. ಫ್ಯಾನಿನ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು.

ಪರದ ದಿನ ಗುಡಿಯ ಬಾಗಿಲಿಗೆ ಹಗ್ಗ ಬಿತ್ತು. ಗುರುಪಾದಸ್ವಾಮಿ ಒಳಗೆ ಒಬ್ಬನೇ, ಮೂಗು ಬಾಯಿ ಮುಚ್ಚಿಕೊಂಡು, ಎಡೆಯಿಟ್ಟು ಮಂಗಳಾರತಿ ಮಾಡಿದ. ಗಂಟೆಗೆ ಮತ್ತೆ ಬಟ್ಟೆ. ಅಂಗಳದಲ್ಲಿ ನಂದಿಕಂಬದ ಸುತ್ತ ಹೊಸ ಸುಣ್ಣದ ವೃತ್ತಗಳು. ನೀಲಾವತಿ ಬಾಗಿಲಲ್ಲಿ ನಾಲ್ಕು ಮೊಳದ ಕೋಲು ಹಿಡಿದು ನಿಂತಿದ್ದಳು. ಜನ ಒಬ್ಬೊಬ್ಬರೇ ಬಂದರು. ಕಂಬದ ಬಳಿಗೆ ಬಂದಾಗ ಒಬ್ಬೊಬ್ಬರ ಕಾಲೂ ಒಂದು ಗಳಿಗೆ ತಡವರಿಸುತ್ತಿತ್ತು. ಅವಳು ಕೋಲಿನಿಂದ ವೃತ್ತ ತೋರಿಸುತ್ತಿದ್ದಳು. ನಿಲ್ಲುತ್ತಿದ್ದರು, ಎಲ್ಲೆಲ್ಲಿಗೋ ಕೈ ಮುಗಿದು ಬಿರಬಿರನೆ ಹೋಗಿಬಿಡುತ್ತಿದ್ದರು.

ರಾಚಮ್ಮ ಬಂದು ತನ್ನ ಎಂದಿನ ಜಾಗದಲ್ಲಿ, ಕಂಬದ ಎಡಕ್ಕೆ ನಿಂತಳು. ಅವಳಿಗೆ ಯಾರೂ ಕೋಲು ತೋರಿಸಬೇಕಾಗಲಿಲ್ಲ.

ಕೊನೆಗೆ, ವೃತ್ತಗಳೆಲ್ಲ ತುಂಬಿದ್ದ ಹೊತ್ತಿಗೆ, ಬಂದರು ದೊಡ್ಡಮಲ್ಲಪ್ಪ. ರೇಷ್ಮೆ ಪಂಚೆ, ಎರಡು ಮಾಸ್ಕು. ಖಾಲಿ ಇದ್ದದ್ದು ರಾಚಮ್ಮನ ಹಿಂದಿನ ವೃತ್ತ ಒಂದೇ. ಅವರು ಹಗ್ಗದ ಕಡೆ ನೋಡಿದರು. ನೀಲಾವತಿ ಕೋಲನ್ನು ಅಡ್ಡ ಹಿಡಿದಳು.

“ಅಲ್ಲೇ ಯಜಮಾನ್ರೆ. ಎಲ್ರಿಗೂ ಅದೇ ಜಾಗ.”

ಅವರು ವೃತ್ತದೊಳಗೆ ಕಾಲಿಟ್ಟರು. ಕತ್ತು ಚಾಚಿದರು, ಆ ಕಡೆ ಈ ಕಡೆ ವಾಲಿದರು. “ಇಲ್ಲಿಂದ ದೇವ್ರೇ ಕಾಣಾಕಿಲ್ವಲ್ಲ,” ಎಂದು ಗೊಣಗಿದರು.

ರಾಚಮ್ಮ ಹಿಂತಿರುಗಿ ನೋಡಲಿಲ್ಲ. ಮುಗಿದ ಕೈ ಇಳಿಸದೆ, ಮೆಲ್ಲಗೆ ಅಂದಳು: “ಕಾಣ್ತದೆ ಬುದ್ದಿ. ಬಾಗ್ಲ ತಲೆ ತಗ್ಗು. ಇಲ್ಲಿಂದ ನೋಡ್ಬೇಕಾದ್ರೆ ಸೊಂಟ ಬಗ್ಸಬೇಕು. ನಾವು ಅಂಗೇ ನೋಡಾದು.”

ನೀಲಾವತಿಯ ಕೈಯ ಕೋಲು ತಾನಾಗಿ ಇಳಿಯಿತು. ಸೊಸೆಯಾಗಿ ಬಂದಾಗಿನಿಂದ ದಿನಾ ಈ ಹೊಸ್ತಿಲಲ್ಲಿ ನಿಂತವಳು. ಕಂಬದ ಬಳಿ ಕೇರಿಯವರು ಬಗ್ಗಿ ನಿಲ್ಲುವುದನ್ನು ದಿನಾ ಕಂಡು, ಅದನ್ನು ತಮಗೆ ತೋರುವ ಮರ್ಯಾದೆ ಎಂದೇ ತಿಳಿದಿದ್ದಳು.

ದೊಡ್ಡಮಲ್ಲಪ್ಪನವರು ಒಮ್ಮೆ ಸುತ್ತ ನೋಡಿದರು. ಆಮೇಲೆ ಪಂಚೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ರಾಚಮ್ಮನ ಹಿಂದೆ ನಿಧಾನವಾಗಿ ಸೊಂಟ ಬಗ್ಗಿಸಿದರು.